ಮಾವ ಇದ್ದಷ್ಟು ದಿನ

ಮಾರ್ಚ್ ೩, ಸೋಮವಾರ

ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಗೇಟಿನವನು ಕೈ ಎತ್ತಿ ಸಲಾಮು ಹೊಡೆದು ಬೇರೆ ಕಡೆ ನೋಡಿದ. ಒಳಗೂ ಯಾರೂ ಏನೂ ಕೇಳಲಿಲ್ಲ. ಕೇಳದೇ ಇರುವುದೂ ಒಂದು ಉಪಕಾರವೇ. ತೊಟ್ಟಿಗಳ ಕಟ್ಟೆಯ ಮೇಲೆ ಒಂದು ಸುತ್ತು ಹಾಕಿದೆ. ನಾನಿಲ್ಲದಿದ್ದರೂ ಊರಿನ ಕೊಳಚೆ ನೀರು ಬಂದಿದೆ, ಶುದ್ಧವಾಗಿ ಹೋಗಿದೆ. ಮೂರನೇ ತೊಟ್ಟಿಯಲ್ಲಿ ಮಾತ್ರ ಪಂಪು ನೀರೆಳೆಯಲು ಕಷ್ಟಪಡುತ್ತಿದೆ. ಒತ್ತಡದ ಮುಳ್ಳು ಇರಬೇಕಾದ ಜಾಗಕ್ಕಿಂತ ಮೇಲಿದೆ. ಗಮನಿಸಬೇಕು.

ಮನೆಗೆ ಬಂದರೆ ನನ್ನ ಹೆಂಡತಿಯ ಅಪ್ಪ ಹಿತ್ತಲ ಮೆಟ್ಟಿಲಿನ ಮೇಲೆ ಯಾರನ್ನೋ ಕೂರಿಸಿಕೊಂಡು ಕೂದಲು ಕತ್ತರಿಸುತ್ತಿದ್ದರು. ಕ್ಷೌರದಂಗಡಿ ಮುಚ್ಚಿ ವರ್ಷಗಳಾದರೂ ಕೈ ಸುಮ್ಮನಿರದು. ಮಗಳಿಗೆ ಕಾಯಿಲೆ ಅಂದಾಗ "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಒಂದು ಚೀಲ ಹಿಡಿದು ಬಂದವರು. ಜನವರಿಯಲ್ಲಿ ಅವಳನ್ನು ಕಳಿಸಿಕೊಟ್ಟು ಬಂದೆವು. ಚೀಲ ಇನ್ನೂ ಇಲ್ಲೇ ಇದೆ.

ಸಂಜೆ ಬಾಮೈದ ಫೋನ್ ಮಾಡಿದ್ದ. "ಭಾವ, ಅಕ್ಕನೇ ಇಲ್ಲ ಅಂದ್ಮೇಲೆ ಅಪ್ಪ ನಿಮ್ಮ ಮೇಲೆ ಭಾರ ಹಾಕಿ ಕೂರೋದು ಸರಿಯಲ್ಲ. ಮನೆ ಮೇಲೆ ಒಂದು ರೂಮು ಎಬ್ಬಿಸ್ತಿದ್ದೀನಿ. ಆದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಸ್ವಲ್ಪ ಸುಧಾರಿಸ್ಕೊಳ್ಳಿ."

ಸುಧಾರಿಸಿಕೊಳ್ಳದೆ ಏನು ಮಾಡಲಿ.

ಮಾರ್ಚ್ ೬, ಗುರುವಾರ

ಬೆಳಗ್ಗೆ ಚರ್ಮದ ಪಟ್ಟಿಗೆ ಕತ್ತಿ ಮಸೆಯುವ ಸದ್ದಿಗೆ ಎಚ್ಚರ. ಯಾರಿಗೆ ಮಸೆಯುತ್ತಾರೋ. ಆಮೇಲೆ ರೇಡಿಯೋ. ಆಮೇಲೆ ಪಕ್ಕದ ಮನೆಯಾಕೆಯ ಜೊತೆ ಗೋಡೆ ಮೇಲಿಂದ ಮಾತು. ಮಾತೆಲ್ಲ ತಮ್ಮ ಮಗಳದ್ದೇ. ಅವಳು ಮೊದಲ ಸಲ ಸೈಕಲ್ ಹತ್ತಿದಾಗ ಹೇಗೆ ಬಿದ್ದಳು, ಅವಳಿಗೆ ಲೆಕ್ಕ ಎಷ್ಟು ಚೆನ್ನಾಗಿ ಬರುತ್ತಿತ್ತು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ದಿನ ಯಾವ ಸೀರೆ ಉಟ್ಟಿದ್ದಳು. ಪಕ್ಕದ ಮನೆಯಾಕೆ "ಅಯ್ಯೋ ಪಾಪ" ಅನ್ನುತ್ತಾಳೆ. ದಿನಕ್ಕೊಂದು ಕತೆಯಂತೆ ಹಂಚುತ್ತಿದ್ದಾರೆ. ಹೀಗೇ ಹಂಚಿದರೆ ನಮಗೆ ಏನು ಉಳಿಯುತ್ತದೆ?

ನಾನು ಅಡುಗೆಮನೆ ಕಿಟಕಿ ಮುಚ್ಚಿದೆ. ಅವರು ತಿರುಗಿ ನೋಡಿದರು.

ಮಾರ್ಚ್ ೧೫, ಶನಿವಾರ

ಊಟಕ್ಕೆ ಕೂತಾಗ ಅವಳಪ್ಪ ಕೇಳಿದರು, "ಅಳಿಯಂದ್ರೇ, ಇಷ್ಟು ವರ್ಷ ಕೇಳ್ಬೇಕು ಅಂತಿದ್ದೆ. ನೀವು ಅಲ್ಲಿ ನಿಜವಾಗ್ಲೂ ಏನ್ ಮಾಡ್ತೀರಿ? ಅವಳನ್ನ ಕೇಳಿದ್ರೆ 'ಅವರು ಊರಿನ ಬಚ್ಚಲು ಕಾಯ್ತಾರೆ' ಅಂತ ನಗೋಳು."

ಬೇರೆ ಮಾತಿರಲಿಲ್ಲ, ಅದಕ್ಕೇ ಹೇಳಿದೆ. ಆಳವಾದ ತೊಟ್ಟಿಯಲ್ಲಿ ಕಂದು ಬಣ್ಣದ ನೀರು. ಅದರೊಳಗೆ ಮುಳುಗಿಸಿಟ್ಟ ಚೌಕಟ್ಟುಗಳು. ಒಂದೊಂದು ಚೌಕಟ್ಟಿಗೂ ನೂಲಿನಂತೆ ಬಿಗಿದ ಸಾವಿರಾರು ಬಿಳಿ ಎಳೆಗಳು. ಎಳೆಯ ಒಳಗೆ ಟೊಳ್ಳು. ಮೈತುಂಬ ಕಣ್ಣಿಗೆ ಕಾಣದ ತೂತು. ಪಂಪು ಒಳಗಿನಿಂದ ಹೀರಿದಾಗ ನೀರು ಮಾತ್ರ ತೂತಿನಲ್ಲಿ ಒಳಗೆ ಬರುತ್ತದೆ, ಕೊಳೆ, ಕ್ರಿಮಿ ಎಲ್ಲ ಹೊರಗೇ ಉಳಿಯುತ್ತವೆ. ಕೊಳೆ ಎಳೆಗೆ ಮೆತ್ತಿಕೊಳ್ಳದಿರಲೆಂದು ಕೆಳಗಿನಿಂದ ಸದಾ ಗಾಳಿ ಊದುತ್ತಿರುತ್ತೇವೆ. ಗುಳ್ಳೆಗಳು ಏಳುತ್ತಾ ಎಳೆಗಳನ್ನು ಅಲ್ಲಾಡಿಸುತ್ತವೆ. ಅದಕ್ಕೆ ಮೆಂಬ್ರೇನ್ ಅನ್ನುತ್ತಾರೆ.

ಅವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ. ನಿಮ್ಮಲ್ಲಿ ನೋಡಿದ್ರೆ ತೂತೇ ಊರು ಉಳಿಸ್ತಿದೆ."

ನಗು ಬಂತು. ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ ೨೨, ಶನಿವಾರ

ಬರೆಯುವಂಥದ್ದು ಏನಿಲ್ಲ.

ಏಪ್ರಿಲ್ ೨, ಬುಧವಾರ

ಮೂರನೇ ತೊಟ್ಟಿಯ ಒತ್ತಡ ದಿನದಿಂದ ದಿನಕ್ಕೆ ಏರುತ್ತಿದೆ. ಹಿಮ್ಮುಖವಾಗಿ ನೀರು ಬಿಟ್ಟು ತೊಳೆದೆವು. ಕ್ಲೋರಿನ್ ನೀರಿನಲ್ಲಿ ನೆನೆಹಾಕಿದೆವು. ಒಂದು ದಿನ ಇಳಿದಂತೆ ಮಾಡಿ ಮತ್ತೆ ಅದೇ ಕತೆ. ಇಂಜಿನಿಯರ್ ಮೇಡಂ ಇವತ್ತು, "ಸಾಕು, ಎತ್ತಿ ನೋಡೇಬಿಡೋಣ" ಎಂದರು. ಮಳೆಗಾಲಕ್ಕೆ ಮುಂಚೆ ಸರಿಯಾಗದಿದ್ದರೆ ಬರುವ ನೀರೆಲ್ಲ ಹಿಡಿಯಲಾಗದೆ ನೇರ ಕೆರೆಗೆ ಬಿಡಬೇಕಾಗುತ್ತದೆ. ಕೆರೆಯ ಆಚೆ ದಡದಲ್ಲಿ ಊರ ಕುಡಿಯುವ ನೀರಿನ ಬಾವಿಗಳಿವೆ.

ಕ್ರೇನಿನವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಾರೆ. ಅವನ ನಿಧಾನ ಇಂಥ ದಿನ ಬೇಕು. ಚೌಕಟ್ಟು ಒಂದಿಷ್ಟೂ ವಾಲದೆ ಮೇಲೆ ಬಂತು, ನೀರು ಸುರಿಸುತ್ತಾ. ಎಳೆಗಳ ಮೇಲ್ತುದಿಯಲ್ಲಿ ಕೂದಲು. ಒಂದೆರಡಲ್ಲ, ಜಡೆ ಜಡೆಯಾಗಿ. ನೀರು ಒಳಬರುವ ಕಡೆಯ ಜಾಲರಿ ಎಲ್ಲೋ ಹರಿದಿದೆ, ಊರಿನ ಬಚ್ಚಲುಗಳಿಂದ ಹರಿದು ಬಂದ ಕೂದಲೆಲ್ಲ ಒಳಗೆ ನುಗ್ಗಿ ಎಳೆಗಳನ್ನು ಸುತ್ತಿ, ಗಾಳಿಯ ಗುಳ್ಳೆಗಳು ಅದನ್ನೇ ಹೆಣೆದು ಹೆಣೆದು ಹಗ್ಗ ಮಾಡಿವೆ. ಎಳೆಗಳು ಅಲ್ಲಾಡಲಾಗದೆ ಒಂದಕ್ಕೊಂದು ಅಂಟಿ ನಿಂತಿದ್ದವು.

ಕಳೆದ ವರ್ಷ ನಮ್ಮ ಮನೆಯ ಬಚ್ಚಲಿನ ಜಾಲರಿ ಆಗಾಗ ಕಟ್ಟಿಕೊಳ್ಳುತ್ತಿತ್ತು. ಅದನ್ನು ಇಲ್ಲಿ ಬರೆಯುವುದು ಬೇಡ.

ಜಾಲರಿ ಇವತ್ತೇ ಬದಲಾಯಿಸಿದರು. ಸಿಕ್ಕಿಕೊಂಡ ಕೂದಲನ್ನು ಕೈಯಲ್ಲೇ ಬಿಡಿಸಬೇಕು, ಬೇರೆ ದಾರಿಯಿಲ್ಲ. ಚೌಕಟ್ಟುಗಳು ಬಹಳ, ಜನ ಕಡಿಮೆ.

ಏಪ್ರಿಲ್ ೯, ಬುಧವಾರ

ಇವತ್ತು ಬುತ್ತಿ ಮರೆತು ಹೋಗಿದ್ದೆ. ಮಧ್ಯಾಹ್ನ ಗೇಟಿನವನು ಬಂದು "ನಿಮ್ಮ ಮಾವ ಬಂದಿದ್ದಾರೆ" ಎಂದ. ಬಿಸಿಲಲ್ಲಿ ನಡೆದೇ ಬಂದಿದ್ದರು, ಕೈಯಲ್ಲಿ ಬುತ್ತಿ, ತಲೆ ಮೇಲೆ ಒದ್ದೆ ಕರ್ಚೀಫು. ನಾವು ತೊಳೆಯುವ ಕಟ್ಟೆಯ ಮೇಲೆ ಚೌಕಟ್ಟು ಇಟ್ಟುಕೊಂಡು ಕೂದಲು ಬಿಡಿಸುತ್ತಿದ್ದೆವು. ಅವರು ಹತ್ತಿರ ಬಂದು ಕನ್ನಡಕ ಮೇಲೆ ಮಾಡಿ ನೋಡಿದರು.

"ಅಬ್ಬಾ. ನಲವತ್ತು ವರ್ಷ ಕತ್ತರಿಸಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು ಅಂತ ಇವತ್ತು ಗೊತ್ತಾಯ್ತು."

ನಿಧಾನಪ್ಪ ಬಿದ್ದು ಬಿದ್ದು ನಕ್ಕ. ಮೇಡಂ ಕೂಡ ನಕ್ಕರು. ಮಾವ, "ನಾನೂ ಒಂದು ಕೈ ಹಾಕ್ಲಾ? ಮನೇಲಿ ಕೂತು ಗೋಡೆ ನೋಡೋದಕ್ಕಿಂತ ವಾಸಿ" ಎಂದರು. ಮೇಡಂ ನನ್ನ ಮುಖ ನೋಡಿದರು. ನಾನು ಬೇಡ ಅನ್ನುವಷ್ಟರಲ್ಲಿ ಅವರೇ ಗ್ಲೌಸು, ಮುಖಕ್ಕೆ ಮಾಸ್ಕು ಕೊಡಿಸಿ ನೆರಳಲ್ಲಿ ಒಂದು ಸ್ಟೂಲು ಹಾಕಿಸಿದರು. ಮಾವ ಜೇಬಿನಿಂದ ಬಾಚಣಿಗೆ ತೆಗೆದರು.

"ಅಯ್ಯೋ, ಬಾಚಣಿಗೆ ಬೇಡ ತಾತ. ಎಳೆ ಹರಿದುಹೋಗುತ್ತೆ. ಒಂದು ಹರಿದ್ರೂ ಕೊಳೆ ನೀರು ಸೀದಾ ಒಳಗೆ. ಬೆರಳಲ್ಲೇ ಮಾಡಿ, ಹೀಗೆ, ಬುಡದಿಂದ" ಎಂದರು ಮೇಡಂ.

"ಹೌದಾ? ಹಾಗಾದ್ರೆ ನನ್ನ ವಿದ್ಯೆ ಇಲ್ಲಿ ನಡೆಯಲ್ಲ ಅನ್ನಿ" ಎಂದು ಬಾಚಣಿಗೆ ಒಳಗಿಟ್ಟರು. ಮೊದಮೊದಲು ಅವರ ಕೈ ಅಂದಾಜು ಸಿಗದೆ ತಡವರಿಸಿತು. ಮೇಡಂ ಎರಡು ಸಲ ತೋರಿಸಿಕೊಟ್ಟರು. ಆಮೇಲೆ ನಮ್ಮ ಹಾಗೇ ಮಾಡಿದರು, ನಮಗಿಂತ ಬೇಗವೂ ಅಲ್ಲ, ತಡವೂ ಅಲ್ಲ.

ಮೇಡಂ, ನಿಧಾನಪ್ಪ ಊಟಕ್ಕೆ ಹೋದಾಗ ನಾವಿಬ್ಬರೇ ಉಳಿದೆವು. ಎಳೆಯಿಂದ ಕಣ್ಣು ತೆಗೆಯದೆ ಮಾವ ಮಾತಾಡಿದರು.

"ನಿಮಗೆ ಗೊತ್ತಿಲ್ಲ ಅನ್ಸುತ್ತೆ. ಎರಡನೇ ಸಲ ಆಸ್ಪತ್ರೆಯಿಂದ ಬಂದ್ಲಲ್ಲ, ಆವಾಗ. ನೀವು ಕೆಲಸಕ್ಕೆ ಹೋಗಿದ್ರಿ. 'ಅಪ್ಪಾ, ದಿನಾ ಉದುರೋದನ್ನ ನೋಡ್ತಾ ಕೂರೋಕಾಗಲ್ಲ, ನೀನೇ ತೆಗೆದ್ಬಿಡು' ಅಂದ್ಲು. ನನ್ನ ಕೈಲಾಗಲ್ಲ ಕಣಮ್ಮ ಅಂದೆ. 'ಊರಿಗೆಲ್ಲ ಮಾಡಿದ್ದೀಯ, ನನಗೆ ಮಾತ್ರ ಆಗಲ್ವಾ? ಕಾಸು ಕೊಡಲ್ಲ ಅಂತಾನಾ?' ಅಂದ್ಲು."

ಅವರು ಒಂದು ಉದ್ದನೆ ಕೂದಲನ್ನು ಎಳೆಯಿಂದ ಸುತ್ತು ಬಿಚ್ಚಿ ಬಿಚ್ಚಿ ತೆಗೆದು ಬಕೆಟ್ಟಿಗೆ ಹಾಕಿದರು.

"ಹಿತ್ತಲ ಮೆಟ್ಟಿಲ ಮೇಲೇ ಕೂತ್ಲು. ಒಂದು ಗಾಯ ಆಗಲಿಲ್ಲ ನೋಡಿ. ಕೈ ನಡುಗಬೇಕಿತ್ತು, ನಡುಗಲಿಲ್ಲ. ಮುಗಿದ ಮೇಲೆ ಕನ್ನಡೀಲಿ ನೋಡ್ಕೊಂಡು, 'ನನ್ನ ತಲೆ ಇಷ್ಟು ದುಂಡಗಿದೆ ಅಂತ ಯಾರೂ ಹೇಳೇ ಇಲ್ವಲ್ಲಪ್ಪಾ' ಅಂದ್ಲು. ಆವಾಗ ನಡುಗ್ತು."

ನನಗೆ ಆ ಸಂಜೆ ನೆನಪಿದೆ. ಬಾಗಿಲು ತೆಗೆದಾಗ ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡಿದ್ದಳು. "ನಿಮ್ಮ ಮಾವನ ಕೈಯಲ್ಲಿ ಬಿಟ್ಟಿ ಕಟಿಂಗ್ ಆಯ್ತು" ಎಂದಿದ್ದಳು. ನಾನು ಚೆನ್ನಾಗಿದೆ ಎಂದು ಹೇಳಿ ಕೈ ತೊಳೆಯಲು ಹೋಗಿದ್ದೆ.

ಎದ್ದು ಹೋಗೋಣ ಎನಿಸಿತು. ಹೋಗಲಿಲ್ಲ. ಕೈಯಲ್ಲಿದ್ದ ಎಳೆ ಇನ್ನೂ ಪೂರ್ತಿ ಬಿಡಿಸಿರಲಿಲ್ಲ. ಮೇಡಂ ವಾಪಸು ಬರುವವರೆಗೂ ಇಬ್ಬರೂ ಕೆಲಸ ಮಾಡಿದೆವು. ಸಂಜೆ ಜೊತೆಯಲ್ಲೇ ನಡೆದು ಮನೆಗೆ ಬಂದೆವು. ದಾರಿಯಲ್ಲಿ ಮಾವ ಎರಡು ಕಡೆ ಕೂತು ಸುಧಾರಿಸಿಕೊಂಡರು.

ಏಪ್ರಿಲ್ ೧೦, ಗುರುವಾರ

ಮಾವ ಇವತ್ತೂ ಬಂದಿದ್ದರು. ಬುತ್ತಿ ನಾನೇ ತೆಗೆದುಕೊಂಡು ಹೋಗಿದ್ದೆ, ಆದರೂ.

ಸಂಜೆ ಕೂದಲು ಕತ್ತರಿಸಿಕೊಂಡೆ. ಡಿಸೆಂಬರಿನಿಂದ ಹಾಗೇ ಬಿಟ್ಟಿದ್ದೆ. "ತಲೆ ಸ್ವಲ್ಪ ಬಗ್ಗಿಸು. ಇನ್ನೂ ಬಗ್ಗಿಸು. ಹಾಂ, ಅಲ್ಲಾಡಬೇಡ" ಎಂದರು ಮಾವ. ಕತ್ತು ಹಗುರವಾಗಿದೆ. ಬೇಗ ನಿದ್ದೆ ಬರುತ್ತಿದೆ.

ಏಪ್ರಿಲ್ ೧೯, ಶನಿವಾರ

ಮಾವನ ಕನ್ನಡಕದ ಒಂದು ಕಾಲು ಮುರಿದಿತ್ತು. ದಾರದಿಂದ ಕಟ್ಟಿಕೊಂಡೇ ಓಡಾಡುತ್ತಿದ್ದರು. ಬೇರೆ ಅಂಗಡಿಗೆ ಹೋಗಬಹುದಿತ್ತು. ಮಾವ, "ಅವಳ ಅಂಗಡಿಗೇ ಹೋಗೋಣ, ಎಷ್ಟು ದಿನ ಆ ರಸ್ತೆ ತಪ್ಪಿಸ್ಕೊಂಡು ತಿರುಗೋದು" ಎಂದರು. ನಾನು ಆ ರಸ್ತೆ ತಪ್ಪಿಸುವುದು ಇವರಿಗೆ ಹೇಗೆ ಗೊತ್ತಾಯಿತೋ. ಹೋದೆವು.

ಅವಳು ಕೂರುತ್ತಿದ್ದ ಸ್ಟೂಲಿನಲ್ಲಿ ಹೊಸ ಹುಡುಗಿ ಕೂತಿದ್ದಳು. ಪಾಪ, ಕೆಲಸ ಇನ್ನೂ ಕಲಿಯುತ್ತಿದ್ದಾಳೆ. ಮಾಲೀಕರು ಹೊಸಬರು, ಆಚೆ ಊರಿನವರು, ನಮ್ಮವಳನ್ನು ನೋಡಿದವರಲ್ಲ. ಬಿಲ್ಲು ಬರೆಯುತ್ತಾ ನನ್ನ ಕಡೆ ತೋರಿಸಿ ಮಾವನನ್ನು ಕೇಳಿದರು, "ಮಗನಾ?"

"ಅಳಿಯ."

"ಓ, ಮಗಳ ಗಂಡ."

"ಅಳಿಯ ಅಲ್ಲ ಮಗಳ ಗಂಡ ಅಂತ ಗಾದೆ ಇದೆಯಲ್ಲ ಸ್ವಾಮಿ, ನಮಗೆ ಅದು ತಿರುಗುಮುರುಗು ಆಗಿದೆ" ಎಂದರು ಮಾವ. "ಮಗಳು ಇಲ್ಲ. ಅಳಿಯ ಮಾತ್ರ ಉಳಿದಿದ್ದಾನೆ."

ಮಾಲೀಕರು ಪೆನ್ನು ಕೆಳಗಿಟ್ಟರು. ನಾನು ಗಾಜಿನ ಕಪಾಟಿನೊಳಗಿನ ಚೌಕಟ್ಟುಗಳನ್ನು ಒಂದೊಂದಾಗಿ ನೋಡಿದೆ.

ಹುಡುಗಿ ಕೂರಿಸಿದ ಕನ್ನಡಕ ಮಾವನ ಮೂಗಿನ ಮೇಲೆ ಸೊಟ್ಟಗಿತ್ತು. ಆ ಹುಡುಗಿಯ ಮನಸ್ಸು ನೋಯಬಾರದೆಂದು ಇಬ್ಬರೂ "ಚೆನ್ನಾಗಿದೆ" ಎಂದು ಎದ್ದು ಬಂದೆವು. ಮನೆಗೆ ಬಂದು ನಾನು ಬಿಸಿನೀರಿನಲ್ಲಿ ಅದರ ಕಾಲು ಅದ್ದಿ ನಿಧಾನಕ್ಕೆ ಬಗ್ಗಿಸಿ ಸರಿಮಾಡಿದೆ. ಅವಳು ಭಾನುವಾರಗಳಲ್ಲಿ ನನ್ನದಕ್ಕೆ ಹಾಗೆ ಮಾಡುತ್ತಿದ್ದಳು. ನೋಡಿ ನೋಡಿ ಬಂದಿದೆ. ಮಾವನ ಮುಖ ಹಿಡಿದು ಎದುರಿಗೆ ಕೂರಿಸಿಕೊಂಡು ಎರಡು ಕಿವಿಯೂ ಒಂದೇ ಮಟ್ಟಕ್ಕೆ ಬಂತೇ ಎಂದು ನೋಡಿದೆ. ಇಷ್ಟು ಹತ್ತಿರದಿಂದ ಅವರ ಮುಖ ನೋಡಿರಲಿಲ್ಲ. ಹುಬ್ಬು ಪೂರಾ ಅವಳದ್ದೇ.

ಏಪ್ರಿಲ್ ೨೭, ಭಾನುವಾರ

ಬಾಮೈದ ಫೋನ್ ಮಾಡಿದ್ದ. ರೂಮು ಆಯಿತಂತೆ, ಸುಣ್ಣ ಬಳಿಯುವುದೂ ಮುಗಿದಿದೆಯಂತೆ. ಬರುವ ಭಾನುವಾರ ಬರುತ್ತಾನಂತೆ. "ಒಳ್ಳೇದಾಯ್ತಪ್ಪ" ಎಂದೆ.

ಮೂರನೇ ತೊಟ್ಟಿಯ ಎಲ್ಲ ಚೌಕಟ್ಟುಗಳ ಕೂದಲನ್ನೂ ಬಿಡಿಸಿ ಮುಗಿಯಿತು. ಮೊನ್ನೆ ಒಂದೊಂದನ್ನೂ ಚೊಕ್ಕ ನೀರಿನಲ್ಲಿ ಮುಳುಗಿಸಿ, ಒಳಗಿನಿಂದ ಗಾಳಿ ಬಿಟ್ಟು ನೋಡಿದೆವು. ಎಲ್ಲಿ ಎಳೆ ಹರಿದಿದೆಯೋ ಅಲ್ಲಿಂದ ಗುಳ್ಳೆ ಸಾಲಾಗಿ ಏಳುತ್ತದೆ. ಆ ಎಳೆಯ ತುದಿ ಹುಡುಕಿ ಅಂಟು ಹಾಕಿ ಮುಚ್ಚಬೇಕು. ಒಂದು ಎಳೆ ಹೋದರೆ ಉಳಿದವು ಅದರ ಪಾಲಿನ ನೀರನ್ನೂ ಎಳೆಯುತ್ತವೆ, ಹಾಗೇ ನಡೆಯುತ್ತದೆ. ಹೆಚ್ಚು ಹರಿದಿರಲಿಲ್ಲ. ಮೇಡಂ ಖುಷಿಯಲ್ಲಿದ್ದಾರೆ.

ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಹೇಳಬೇಕೆಂದುಕೊಂಡೆ. "ಮಾವ" ಎಂದೆ. "ಏನಪ್ಪಾ?" ಎಂದರು. "ಬಚ್ಚಲಿನ ನಲ್ಲಿ ಸೋರ್ತಿದೆ, ನಾಳೆ ವಾಷರ್ ತರ್ತೀನಿ" ಎಂದೆ.

"ತಗೊಂಡು ಬಾ. ನಾನು ಹಾಕ್ತೀನಿ" ಎಂದರು. ಸಾರು ಬಡಿಸಿಕೊಳ್ಳುತ್ತಾ, "ನಿನಗೆ ಒಬ್ಬನಿಗೇ ಅಡುಗೆ ಬೇಜಾರಾಗಲ್ವಾ?" ಎಂದರು.

"ಏನ್ ಬೇಜಾರು, ಅಭ್ಯಾಸ ಆಗುತ್ತೆ."

"ಹೂಂ. ಅಭ್ಯಾಸ ಆಗುತ್ತೆ."

ಮೇ ೪, ಭಾನುವಾರ

ಬಾಮೈದ ಬೆಳಗಿನ ಬಸ್ಸಿಗೇ ಬಂದ. ಸ್ಕೂಲ್ ಬಸ್ಸು ಓಡಿಸುವವನು, ಸೋಮವಾರ ಬೆಳಗ್ಗೆ ಹಾಜರಿರಲೇಬೇಕು. ಹೆಂಡತಿ ಕೊಟ್ಟು ಕಳಿಸಿದ ಹಣ್ಣು ತಂದಿದ್ದ. ಅವನು ಒಳ್ಳೆಯವನು, ಒಳ್ಳೆಯವನಲ್ಲದಿದ್ದರೆ ಸುಲಭವಿತ್ತು. ಮಾವ ಒಳಗೆ ಚೀಲ ತುಂಬುತ್ತಿದ್ದಾಗ ಅವನು ಅಡುಗೆಮನೆಗೆ ಬಂದು ನಿಂತ.

"ಭಾವ, ತಪ್ಪು ತಿಳ್ಕೋಬೇಡಿ. ಜನ ಏನಂತಾರೆ ಅಂತ ಅಲ್ಲ. ಅಕ್ಕ ಹೋದಾಗ ನೀವಿಬ್ರೂ ಇಲ್ಲಿದ್ರಿ. ನಾನು ಅಲ್ಲಿ ಒಬ್ನೇ ಇದ್ದೆ. ಮಕ್ಕಳನ್ನ ಸ್ಕೂಲಿಗೆ ಬಿಡ್ತಾ ಡ್ರೈವರ್ ಸೀಟಲ್ಲೇ ಕೂತು ಅತ್ತಿದ್ದೀನಿ. ಅಪ್ಪ ನನ್ನ ಜೊತೆ ಇದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ. ಅವನ ಭುಜದ ಮೇಲೆ ಕೈ ಇಟ್ಟೆ. ಅಪ್ಪ ಅವನವರು. ನಾನು ಯಾವ ಬಾಯಿಂದ ಏನು ಕೇಳಲಿ? ನಮ್ಮಿಬ್ಬರನ್ನು ಕಟ್ಟಿದ್ದ ನಂಟೇ ಇಲ್ಲವಾಗಿದೆ.

ಮಾವ ಚೀಲ ಹಿಡಿದು ನಡುಮನೆಯಲ್ಲಿ ನಿಂತರು. ಚೀಲ ಬಂದಾಗಿನಷ್ಟೇ ಇತ್ತು. "ಹೊರಡ್ಲಾ?" ಎಂದರು ನನ್ನ ಕಡೆ ನೋಡಿ. ಬಾಮೈದನ ಕಡೆ ನೋಡಲಿಲ್ಲ.

"ಹೂಂ ಮಾವ. ಅಲ್ಲಿ ನಿಮಗೆ ಅನುಕೂಲ. ಮೊಮ್ಮಗಳೂ ಇದ್ದಾಳೆ."

"ಹೌದು. ಅನುಕೂಲವೇ" ಎಂದರು.

ಬಸ್ ಸ್ಟ್ಯಾಂಡಿನವರೆಗೆ ಚೀಲ ನಾನೇ ಹಿಡಿದುಕೊಂಡೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಲ್ಲೇ ಒಂದು ಚಹಾ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಮೇ ೧೨, ಸೋಮವಾರ

ಮೂರನೇ ತೊಟ್ಟಿ ಹೊಸದರಂತೆ ಓಡುತ್ತಿದೆ.

ಸಂಜೆ ಇಬ್ಬರು ಹಿತ್ತಲಿಗೆ ಬಂದರು, ಕೂದಲು ಕತ್ತರಿಸಿಕೊಳ್ಳಲು. ಇಲ್ಲ, ಊರಿಗೆ ಹೋದರು ಎಂದೆ. "ಯಾವಾಗ ಬರ್ತಾರೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮೇ ೨೦, ಮಂಗಳವಾರ

ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಒಂದು ಬಟ್ಟಲು ಪಾಯಸ ಕೊಟ್ಟಳು. "ನಿಮ್ಮ ಮಾವ ಹೇಳ್ತಿದ್ರು, ಅವಳಿಗೆ ಇದು ಬಹಳ ಇಷ್ಟ ಇತ್ತಂತೆ" ಎಂದಳು. ಇಷ್ಟವಿತ್ತು ನಿಜ. ಆದರೆ ದ್ರಾಕ್ಷಿ ಎಲ್ಲ ಆರಿಸಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಅದು ಮಾವನಿಗೆ ಗೊತ್ತಿಲ್ಲ. ಆಕೆಗೆ ಹೇಳೋಣವೆಂದು ಬಾಯಿ ತೆರೆದೆ. ಒಳಗೆ ಯಾವುದೋ ಪಾತ್ರೆ ಉಕ್ಕಿ ಆಕೆ ಓಡಿಹೋದಳು.

ರೇಡಿಯೋ ಹಾಕಿದೆ. ಬ್ಯಾಟರಿ ಮುಗಿದಿದೆ.

ಜೂನ್ ೮, ಭಾನುವಾರ

ಬರೆಯದೆ ಎಷ್ಟು ದಿನವಾಯಿತು. ಮೊನ್ನೆ ಶುಕ್ರವಾರ ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದಂಥ ಮಳೆ. ಚರಂಡಿಗಳೆಲ್ಲ ತುಂಬಿ ನಮ್ಮ ಕಡೆಗೇ ಬಂದವು. ಬರುವ ನೀರಿನ ಕಾಲುವೆ ಅಂಚಿಗೆ ಮುಟ್ಟಿತು. ಕೆರೆಗೆ ತೆರೆಯುವ ಬಾಗಿಲ ಚಕ್ರದ ಮೇಲೆ ನಿಧಾನಪ್ಪ ಕೈ ಇಟ್ಟು ನಿಂತಿದ್ದ. ತೆರೆದರೆ ಊರಿನ ಹೊಲಸೆಲ್ಲ ಕೆರೆಗೆ, ಕೆರೆಯಿಂದ ಬಾವಿಗಳಿಗೆ. ಮೇಡಂ ಗಾಳಿ ಊದುವ ಬ್ಲೋವರುಗಳನ್ನೆಲ್ಲ ಪೂರ್ತಿ ಬಿಡಿಸಿದರು, ಎಲ್ಲ ಪಂಪೂ ಹಾಕಿಸಿದರು, ಮುಳ್ಳಿನಿಂದ ಕಣ್ಣು ಕೀಳದೆ ಒಂದೊಂದು ತೊಟ್ಟಿಗೂ ಎಷ್ಟೆಷ್ಟು ಹೊರೆ ಎಂದು ಹೇಳುತ್ತಾ ಹೋದರು. ನಾನು ಮೂರನೆಯದರ ಮೇಲೆ ನಿಂತಿದ್ದೆ. ಮಳೆಯ ನೀರೂ ತೊಟ್ಟಿಯ ನೊರೆಯೂ ಒಂದೇ ಆಗಿ ಕಾಲು ಕಾಣುತ್ತಿರಲಿಲ್ಲ. ಮುಳ್ಳು ಏರಿತು, ಏರಿತು, ಕೆಂಪು ಗೆರೆಯ ಹತ್ತಿರ ಹೋಗಿ ನಡುಗುತ್ತಾ ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾಲುವೆ ಇಳಿಯಿತು. ನಿಧಾನಪ್ಪ ಚಕ್ರದಿಂದ ಕೈ ತೆಗೆದು ನೆಲದ ಮೇಲೇ ಕೂತುಬಿಟ್ಟ. "ಕೂದಲೆಳೆಯಲ್ಲಿ ಪಾರಾದ್ವಿ" ಎಂದ. ಮೇಡಂ ಒದ್ದೆ ಕೂದಲು ಹಿಂಡಿಕೊಳ್ಳುತ್ತಾ, "ಆ ಮಾತು ಮಾತ್ರ ಇಲ್ಲಿ ಆಡ್ಬೇಡ ಮಾರಾಯ" ಎಂದರು.

ಓಡೋಡಿ ಮನೆಗೆ ಬಂದೆ. ಬೀಗ ತೆಗೆಯುವಾಗಲೇ "ಮಾವ, ಗೊತ್ತಾ ಏನಾಯ್ತು" ಎಂದು ಶುರುಮಾಡಿದ್ದೆ. ದೀಪ ಹಾಕಿದೆ. ಒದ್ದೆ ಬಟ್ಟೆಯಲ್ಲೇ ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತೆ.

ಒಂದು ವಿಚಿತ್ರ, ಬರೆದಿಡುತ್ತೇನೆ. ಬೀಗ ತೆಗೆಯುವಾಗ ನಾನು ಕೂಗಿದ್ದು ಮಾವ ಎಂದು. ಅವಳ ಹೆಸರಲ್ಲ.

ಜುಲೈ ೧೨, ಶನಿವಾರ

ನಾಳೆ ಹೋಗುತ್ತಿದ್ದೇನೆ. ನೇರವಾಗಿ ಕೇಳುತ್ತೇನೆ. ಬಾಮೈದನ ಎದುರಿಗೇ. "ಮಾವ, ವಾಪಸು ಬನ್ನಿ" ಅಷ್ಟೇ. ಸುತ್ತಿ ಬಳಸಿ ಮಾತು ಬೇಡ. ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ. ಹೆಣ್ಣು ಕೇಳಲು ಹೊರಟವನ ಹಾಗೆ ಆಗಿದೆ ನನ್ನ ಕತೆ.

ಜುಲೈ ೧೩, ಭಾನುವಾರ

ಬಾಮೈದನ ಮನೆ ಗಲ್ಲಿಯ ಕೊನೆಗೆ, ಮೆಟ್ಟಿಲು ಹೊರಗಿನಿಂದ. ಮೇಲೆ ಹತ್ತಿದರೆ ರೂಮಿನ ಬಾಗಿಲು ತೆರೆದೇ ಇತ್ತು. ಮಾವ ಮಂಚದ ಮೇಲೆ, ಅವರ ಎರಡು ಕಾಲುಗಳ ನಡುವೆ ನೆಲದ ಮೇಲೆ ಮೊಮ್ಮಗಳು. ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದರು. ಮಗು, "ಅತ್ತೆ ಆಮೇಲೆ ಏನ್ ಮಾಡಿದ್ಲು ತಾತ? ಸೈಕಲ್ಲಿಂದ ಬಿದ್ದ ಮೇಲೆ?" ಎಂದು ಕೇಳುತ್ತಿತ್ತು. "ಅತ್ಲಾ?"

"ಅವಳಾ? ಅಳೋದಾ? ಎದ್ದು ಸೈಕಲ್ಲಿಗೇ ಎರಡು ಒದ್ದಳು" ಎಂದರು ಮಾವ. ಮಗು ನಕ್ಕಿತು. ನಗುವಾಗ ಹುಬ್ಬು ಮೇಲೆ ಹೋಯಿತು.

ನಾನು ಹೊಸಲಿನಲ್ಲೇ ನಿಂತಿದ್ದೆ. ಮಾವ ತಲೆ ಎತ್ತಿ ನೋಡಿದರು. ಜಡೆ ಬಿಡಲಾಗದೆ, "ಬಾ, ಬಾ, ಕೂತ್ಕೋ, ಎರಡೇ ನಿಮಿಷ" ಎಂದರು. ಬಾಮೈದ ಕೆಳಗಿನಿಂದ ಕುರ್ಚಿ ಹೊತ್ತು ತಂದ. ಮೊದಲಿಗಿಂತ ಮೈಕೈ ತುಂಬಿಕೊಂಡಿದ್ದಾನೆ. "ಅಪ್ಪ ಬಂದ್ಮೇಲೆ ಮನೇಲಿ ಬೆಳಗ್ಗೆ ಆರಕ್ಕೇ ಕತ್ತಿ ಮಸೆಯೋ ಸದ್ದು ಭಾವ" ಎಂದು ದೂರಿದ, ನಗುತ್ತಾ.

ಊಟ ಮಾಡಿದೆ. ಮಳೆಯ ದಿನದ ಕತೆ ಹೇಳಿದೆ. ಮಾವ ನಡುನಡುವೆ, "ಮೂರನೇದು ತಾನೇ? ನಾವು ಬಿಡಿಸಿದ್ದು?" ಎಂದು ಎರಡೆರಡು ಸಲ ಕೇಳಿದರು. ಮಗು ನನ್ನ ಕನ್ನಡಕ ಹಾಕಿಕೊಂಡು ಮನೆಯೆಲ್ಲ ಓಡಿತು. ಸಂಜೆ ಬಸ್ಸಿನ ಹೊತ್ತಾಯಿತು. ಕೇಳಬೇಕೆಂದು ಬಂದದ್ದನ್ನು ಕೇಳಲಿಲ್ಲ.

ಬಸ್ ಸ್ಟ್ಯಾಂಡಿಗೆ ಮಾವ ಒಬ್ಬರೇ ಬಂದರು, ಬೇಡವೆಂದರೂ. ಬೆಂಚಿನ ಮೇಲೆ ಅಕ್ಕಪಕ್ಕ ಕೂತೆವು. ಅವರು ಕೆಮ್ಮಿ ಕೇಳಿದರು,

"ನೀನು ಕರೆಯೋಕೆ ಬಂದಿದ್ದೆ ಅಲ್ವಾ?"

"ಹೌದು ಮಾವ."

"ಅಂಗಿ ನೋಡಿದ ಕೂಡ್ಲೇ ಗೊತ್ತಾಯ್ತು." ಬಸ್ಸು ಬಂತೇ ಎಂದು ರಸ್ತೆ ನೋಡಿದರು. "ಕರೀದೆ ಇದ್ದಿದ್ದು ಒಳ್ಳೇದಾಯ್ತು ಕಣೋ. ಕರೆದಿದ್ರೆ ಬಂದ್ಬಿಡ್ತಿದ್ದೆ."

ಬಸ್ಸು ಬಂತು. ಹತ್ತಿದೆ. ಅವರು ಕಿಟಕಿಯ ಹತ್ತಿರ ಬಂದು ಕೈ ಎತ್ತಿ ನನ್ನ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದರು. ಏನೋ ಹೇಳಿದರು, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಪಕ್ಕದಲ್ಲಿ ಕೂತವನು ಮಾತಿನ ಮನುಷ್ಯ. ಬುಟ್ಟಿ ಕಾಲ ಸಂದಿಗೆ ತಳ್ಳಿಕೊಂಡು ಶುರುಮಾಡಿದ, "ಯಾರ್ ಅವ್ರು? ತಂದೇನಾ?"

"ಮಾವ."

"ಓಹೋ. ಹೆಂಡ್ತಿನ ತವರಲ್ಲೇ ಬಿಟ್ಟು ಬಂದ್ರಾ?"

"ಇಲ್ಲ. ತೀರಿಕೊಂಡ್ಳು. ಜನವರೀಲಿ."

ಆತ ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದ, "ಏನ್ ಮಾಡ್ಕೊಂಡಿದ್ರು ನಿಮ್ಮ ಮನೆಯವ್ರು?"

"ಕನ್ನಡಕದ ಅಂಗಡೀಲಿದ್ಲು" ಎಂದು ಶುರುಮಾಡಿದೆ. ಆತ ಇಳಿಯುವ ಸ್ಟಾಪ್ ಬಂದಾಗಲೂ ನನ್ನ ಮಾತು ಮುಗಿದಿರಲಿಲ್ಲ.